ಹನ್ನೊಂದು ನಿಮಿಷ ಮುಂಚಿನ ಸೂರ್ಯಾಸ್ತ

ನಮ್ಮ ಮನೆಯಲ್ಲಿ ಪ್ರವಾಸ ಹೊರಡಬೇಕಾದರೆ ಮೊದಲು ಸೂರ್ಯನ ಒಪ್ಪಿಗೆ ಬೇಕು. ಅವನು ಎಷ್ಟು ಗಂಟೆಗೆ ಮುಳುಗುತ್ತಾನೆ ಎಂಬುದು ಖಚಿತವಾದ ಮೇಲೆಯೇ ಉಳಿದ ಮಾತು: ಬಸ್ಸು, ರೂಮು, ಮಗಳ ರಜೆ, ನನ್ನ ಅಭಿಪ್ರಾಯ. ಕೊನೆಯದನ್ನು ಕೇಳುವಷ್ಟು ಪುರುಸೊತ್ತು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ.

ಕಾರಣ ನನ್ನ ಅತ್ತೆ. ನಾವು ವೇಣೂರಿನ ಜೈನರು. ಅತ್ತೆ ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ಮುನಿಗಳೊಬ್ಬರ ಮುಂದೆ ಕೈಮುಗಿದು, ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ ಎಂದು ನಿಯಮ ತೆಗೆದುಕೊಂಡವರು. ನಲವತ್ತೆಂಟು ವರ್ಷಗಳಲ್ಲಿ ಅದು ಒಂದು ದಿನವೂ ತಪ್ಪಿದ್ದಿಲ್ಲ. ಪಿತ್ತಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾತ್ರಿ ಏಳಕ್ಕೆ ಗಂಜಿ ತಂದ ನರ್ಸನ್ನು ಅವರು ಹೇಗೆ ನೋಡಿದರೆಂದರೆ, ಆ ಹುಡುಗಿ ಮರುದಿನದಿಂದ ಐದೂವರೆಗೇ ಗಂಜಿ ತರತೊಡಗಿದಳು. ಮೂಡುಬಿದಿರೆಯ ಕಲ್ಯಾಣ ಮಂಟಪದಲ್ಲಿ ನನ್ನ ಮದುವೆಯ ಸಂಜೆ ಬೀಗರೆಲ್ಲ ಐಸ್‌ಕ್ರೀಮಿಗೆ ಸಾಲು ನಿಂತಿದ್ದಾಗ, ಮದುಮಗನ ತಾಯಿ ಊಟ ಮುಗಿಸಿ ಕೈ ತೊಳೆದು ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ನಮ್ಮೆಲ್ಲರ ಬಾಯಿ ನೋಡುತ್ತಿದ್ದರು. ಯಾರಿಗೂ ಏನೂ ಹೇಳಲಿಲ್ಲ. ಅವರು ಯಾರಿಗೂ ಏನೂ ಹೇಳುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ನನ್ನ ಗಂಡನಿಗೆ ಆ ನಿಯಮ ಇಲ್ಲ. ವೇಣೂರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ ಉಂಟು. ಸಾಮಾನಿಗೆಂದು ಮೆಲ್ಕಾರ್ ಕಡೆ ಹೋದ ದಿನ ಇವರು ರಾತ್ರಿ ಒಂಬತ್ತಕ್ಕೆ ಮಸಾಲೆ ದೋಸೆ ತಿಂದು, ಬಾಯಿಗೆ ಎರಡು ಏಲಕ್ಕಿ ಹಾಕಿಕೊಂಡು ಮನೆಗೆ ಬರುತ್ತಾರೆ. ಆದರೆ ಅಮ್ಮನ ನಿಯಮದ ಪೂರ್ತಿ ಮೇಲ್ವಿಚಾರಣೆ ಇವರದೇ. ಮಾಡುವವರು ಒಬ್ಬರು, ಮಾಡಿಸುವವರು ಒಬ್ಬರು, ಹಾಗಾಗಿ ಪುಣ್ಯದಲ್ಲಿ ಅರ್ಧ ಪಾಲು ಸಿಗುತ್ತದೆ ಎಂದು ತಿಳಿದಿದ್ದಾರೋ ಏನೋ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಐದು ದಿನ ಬೆಂಗಳೂರಿಗೆ ಹೋದೆವು: ಅತ್ತೆ, ಗಂಡ, ಹನ್ನೊಂದು ವರ್ಷದ ಮಗಳು, ನಾನು. ಹೊರಡುವ ಮೊದಲೇ ಇವರು ಅಂಗಡಿಯಲ್ಲಿ ಕೂತು ಒಂದು ಉದ್ದದ ಹಾಳೆಯಲ್ಲಿ ವೇಳಾಪಟ್ಟಿ ಬರೆದರು. ಏಳುವುದು, ಸ್ನಾನ, ತಿಂಡಿ, ಅರಮನೆ, ಮ್ಯೂಸಿಯಂ, ಎಲ್ಲದಕ್ಕೂ ಗಂಟೆ, ನಿಮಿಷ. ಪ್ರತಿ ದಿನದ ಕೊನೆಯ ಸಾಲಿಗೆ ಕೆಂಪು ಶಾಯಿ: ‘ಸೂರ್ಯಾಸ್ತ ೬.೧೬. ಅಮ್ಮನ ಊಟ ಮುಕ್ತಾಯ ೬.೧೨.’ ಸೂರ್ಯಾಸ್ತದ ಸಮಯವನ್ನು ಅಂಗಡಿಯ ಗೋಡೆಯಲ್ಲಿ ನೇತು ಹಾಕಿದ ಕ್ಯಾಲೆಂಡರಿನಿಂದ ಇಳಿಸಿಕೊಂಡಿದ್ದರು. ಅದು ನಮ್ಮ ಕರಾವಳಿಯವರೇ ಅಚ್ಚು ಹಾಕಿಸಿದ ಕ್ಯಾಲೆಂಡರು. ತಿಥಿ, ನಕ್ಷತ್ರ, ಸೂರ್ಯೋದಯ, ಸೂರ್ಯಾಸ್ತ ಎಲ್ಲ ಉಂಟು.

ಮನೆಯಲ್ಲಿ ಅತ್ತೆಗೆ ಗಡಿಯಾರವೇ ಬೇಡ. ಐದೂವರೆಗೆ ಉಂಡು ಜಗಲಿಯಲ್ಲಿ ಕೂತು, ಸೂರ್ಯ ಎದುರಿನ ಗುಡ್ಡದ ಹಿಂದೆ ಪೂರ್ತಿ ಇಳಿಯುವವರೆಗೂ ನೋಡುತ್ತಾರೆ, ಕೆಲಸದವರು ಗೇಟು ಸರಿಯಾಗಿ ಹಾಕಿದರೋ ಇಲ್ಲವೋ ಎಂದು ನೋಡುವ ಹಾಗೆ. ಬೆಂಗಳೂರಿಗೆ ಈ ಐದೂವರೆ ಒಗ್ಗುವುದಿಲ್ಲವೆಂದು ಇವರ ಅಭಿಪ್ರಾಯ.

“ಐದೂವರೆಗೆ ಊಟ ಅಂದ್ರೆ ನಾಲ್ಕೂವರೆಗೇ ವಾಪಸು ಹೊರಡಬೇಕು. ದಿನವೇ ಹಾಳು. ಸೂರ್ಯಾಸ್ತ ಆರು ಹದಿನಾರಕ್ಕೆ ಅಮ್ಮ. ಆರು ಹನ್ನೆರಡಕ್ಕೆ ಕೈ ತೊಳೆದ್ರೆ ಆಗ್ತದಲ್ಲ?” ಎಂದು ಕೇಳಿದರು.

ಅತ್ತೆ ಕ್ಯಾಲೆಂಡರನ್ನು ಒಮ್ಮೆ ನೋಡಿದರು. “ಆಗ್ತದೆ” ಎಂದರು.

ಹೀಗೆ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಉಳಿಸಿದ ಹೆಮ್ಮೆಯಲ್ಲಿ ನಾವು ಬೆಂಗಳೂರಿಗೆ ಬಂದು ಇಳಿದೆವು. ಉಳಿಸಿದ ಮುಕ್ಕಾಲು ಗಂಟೆಯನ್ನು ದಿನಾ ಸಿಗ್ನಲುಗಳಲ್ಲಿ ನಿಂತು ಕಳೆದೆವು. ಸಂಜೆಯ ಊಟ ಮೆಜೆಸ್ಟಿಕ್ ಹತ್ತಿರದ ನಮ್ಮ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ. ಮೊದಲ ದಿನ ಅತ್ತೆ ಅಲ್ಲಿಯ ಮಾಣಿಗೆ ನಿಧಾನವಾಗಿ ವಿವರಿಸಿದರು: ನೀರುಳ್ಳಿ ಆಗುವುದಿಲ್ಲ, ಬೆಳ್ಳುಳ್ಳಿ ಆಗುವುದಿಲ್ಲ, ಬಟಾಟೆ, ಕ್ಯಾರೆಟ್, ಬೀಟ್ರೂಟ್, ಮಣ್ಣಿನಡಿ ಬೆಳೆಯುವ ಯಾವುದೂ ಆಗುವುದಿಲ್ಲ.

“ಮತ್ತೆ ನಮ್ ಹೋಟ್ಲಿಗೆ ಯಾಕಮ್ಮ ಬಂದ್ರಿ?” ಎಂದ ಅವನು. ನಿಜವಾದ ಕಾಳಜಿಯಿಂದಲೇ ಕೇಳಿದ ಪಾಪ. ಕೊನೆಗೆ ಮೊಸರನ್ನಕ್ಕೆ ಒಗ್ಗರಣೆ ಹಾಕದೆ ತಂದಿಟ್ಟ. ಆಮೇಲೆ ದಿನಾ ಅದೇ.

ಊಟವಾದ ಕೂಡಲೇ ನಾವು ಮೆಟ್ಟಿಲು ಹತ್ತಿ ರೂಮು ಸೇರುತ್ತಿದ್ದೆವು. ಕತ್ತಲಾದ ಮೇಲೆ ಅತ್ತೆಯನ್ನು ಹೊರಗೆ ಕರೆದುಕೊಂಡು ಹೋಗುವುದು ನಮ್ಮ ಕಲ್ಪನೆಗೇ ಬಂದಿರಲಿಲ್ಲ. ಸಂಜೆ ಅವರ ಊಟ ಮುಗಿದರೆ ಅವರ ದಿನವೇ ಮುಗಿದಂತೆ. ಮನೆಯಲ್ಲಿ ಹಾಗೇ ಅಲ್ಲವೇ? ಹೊರಗೆ ಇಡೀ ಬೆಂಗಳೂರು ದೀಪ ಹಚ್ಚಿಕೊಂಡು ಕೂತಿದ್ದರೆ ನಾವು ನಾಲ್ವರು ರೂಮಿನ ಟಿವಿಯಲ್ಲಿ ಬೆಂಗಳೂರಿನ ವಾರ್ತೆ ನೋಡುತ್ತಿದ್ದೆವು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮಗಳಿಗೆ ಬಣ್ಣದ ದೀಪದಲ್ಲಿ ಹಾಡಿಗೆ ಕುಣಿಯುವ ಕಾರಂಜಿ ನೋಡಬೇಕಿತ್ತು. ಅವಳ ತರಗತಿಯವರೆಲ್ಲ ನೋಡಿದ್ದಾರಂತೆ. “ಅದು ಏಳು ಗಂಟೆಗೆ. ಅಜ್ಜಿಗೆ ಆಗುದಿಲ್ಲ” ಎಂದು ಇವರು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಅಜ್ಜಿ ಆಗ ಸ್ನಾನದ ಮನೆಯಲ್ಲಿದ್ದರು.

ಎರಡನೆಯ ದಿನ ಸಂಜೆ ಅತ್ತೆ ಮೊಸರನ್ನ ಉಣ್ಣುತ್ತಿದ್ದಾಗ, ಹೊರಗೆ ಮೋಡ ಕಟ್ಟಿದ್ದು ಕಂಡು ಮಳೆ ಬರುತ್ತದೋ ಎಂದು ನೋಡಲು ನಾನು ಮೊಬೈಲು ತೆಗೆದೆ. ಮಳೆ ಇಲ್ಲ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸೂರ್ಯಾಸ್ತ ೬.೦೪’ ಎಂದಿತ್ತು. ಗಡಿಯಾರ ನೋಡಿದೆ. ಆರು ಒಂಬತ್ತು. ಅತ್ತೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಇಲ್ಲಿ ನನ್ನ ಉದ್ಯೋಗವನ್ನು ಹೇಳಿಕೊಳ್ಳಬೇಕು. ನಾನು ಶಿರ್ತಾಡಿ ಕಡೆಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಆದ್ದರಿಂದ ಪೂರ್ವದ ಊರುಗಳಲ್ಲಿ ಸೂರ್ಯ ಮೊದಲು ಹುಟ್ಟಿ ಮೊದಲು ಮುಳುಗುತ್ತಾನೆ, ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ ಎಂದು ವರ್ಷವರ್ಷವೂ ಬೋರ್ಡಿನಲ್ಲಿ ಗೋಲ ಬರೆದು ಪಾಠ ಮಾಡುವವಳು. ಪರೀಕ್ಷೆಗೂ ಕೊಡುತ್ತೇನೆ. ತಪ್ಪು ಬರೆದವರಿಗೆ ಬೈಯುತ್ತೇನೆ. ವೇಣೂರಿಗಿಂತ ಬೆಂಗಳೂರು ಪೂರ್ವದಲ್ಲಿದೆ ಎಂಬುದು, ಇಡೀ ದಿನ ಬಸ್ಸಿನಲ್ಲಿ ಪೂರ್ವಕ್ಕೇ ಮುಖ ಮಾಡಿ ಕೂತು ಬಂದ ನನ್ನ ತಲೆಗೆ ಹೊಳೆದಿರಲಿಲ್ಲ.

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅತ್ತೆ ಮರುದಿನ ಉಪವಾಸ ಕೂರುತ್ತಾರೆ, ಇವರು ಊರಿಗೆ ಹೊರಡುವ ಎನ್ನುತ್ತಾರೆ, ಮಗಳು ಅಳುತ್ತಾಳೆ ಎಂದೆಲ್ಲ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜ ಏನೆಂದರೆ, ಹದಿನಾಲ್ಕು ವರ್ಷದಿಂದ ಆ ಸೂರ್ಯನ ಲೆಕ್ಕದಲ್ಲಿ ಅಡುಗೆ ಮಾಡಿ ನನಗೆ ಸಾಕಾಗಿತ್ತು. ನಾಲ್ಕೂವರೆಗೆ ಶಾಲೆ ಬಿಟ್ಟು, ಬಸ್ಸಿಗೆ ಓಡಿ, ಐದೂಕಾಲಿಗೆ ಒಲೆ ಹೊತ್ತಿಸುವವಳಿಗೆ ಐದು ದಿನ ಸೂರ್ಯ ಎಲ್ಲಿ ಬೇಕಾದರೂ ಮುಳುಗಲಿ ಎನಿಸಿತ್ತು. ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ತಿಂದರೆ ದೋಷವಿಲ್ಲ ಎಂದು ಒಂದು ಶಾಸ್ತ್ರವನ್ನೂ ನಾನೇ ಬರೆದುಕೊಂಡೆ. ಮೂರನೆಯ ದಿನವೂ ಸುಮ್ಮನಿದ್ದೆ, ನಾಲ್ಕನೆಯ ದಿನವೂ. ನನಗೆ ಮಾತ್ರ ಊಟ ರುಚಿಸುತ್ತಿರಲಿಲ್ಲ. ಅದಕ್ಕೂ ಹೋಟೆಲಿನ ಅಕ್ಕಿಯನ್ನೇ ಬೈದೆ.

ಕೊನೆಯ ದಿನ ಹನ್ನೆರಡಕ್ಕೆ ರೂಮು ಬಿಡಬೇಕಿತ್ತು. ಬಸ್ಸು ರಾತ್ರಿ ಹತ್ತಕ್ಕೆ. ನಡುವೆ ಹತ್ತು ಗಂಟೆ. ಹೋಗಿ ಕೂರಲು ರೂಮೇ ಇಲ್ಲ. ಆದ್ದರಿಂದ ವೇಳಾಪಟ್ಟಿಯ ಕೊನೆಗೆ ಇವರು ಪೆನ್ಸಿಲಿನಲ್ಲಿ ‘ಕಾರಂಜಿ (ಸಮಯ ಕಳೆಯಲು)’ ಎಂದು ಸೇರಿಸಿದರು. ಮಗಳು ಆ ಹಾಳೆಗೆ ಮುತ್ತು ಕೊಟ್ಟಳು.

ಲಗೇಜನ್ನು ಲಾಡ್ಜಿನಲ್ಲೇ ಬಿಟ್ಟು ಲಾಲ್‌ಬಾಗಿಗೆ ಹೋದೆವು. ಅಲ್ಲಿ ಅತ್ತೆ ಗಾಜಿನ ಮನೆಯ ಮುಂದೆ ನಿಂತು, ಊರಲ್ಲಿ ನಮ್ಮ ಹಿತ್ತಿಲಿನಲ್ಲಿ ಬೇಡವೆಂದರೂ ಬೆಳೆಯುವ ಒಂದು ಗಿಡಕ್ಕೆ ಬೋರ್ಡು ಹಾಕಿದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇವರಿಗೆ ಬೇಕಾದ ಚಪ್ಪಲಿಗಾಗಿ ನಾಲ್ಕು ಅಂಗಡಿ ಹತ್ತಿ ಇಳಿದೆವು. ಕೊನೆಗೆ ಕೊಂಡದ್ದು ಮೂಡುಬಿದಿರೆಯಲ್ಲೂ ಸಿಗುವ ಅದೇ ಚಪ್ಪಲಿ. ಹೀಗೆ ಐದು ಗಂಟೆಯಾಯಿತು. ಕಾರಂಜಿಯ ಹತ್ತಿರವೇ ಒಂದು ಹೋಟೆಲು ಉಂಟು, ಅಲ್ಲಿ ಊಟ ಮುಗಿಸುವ ಎಂದು ಬಾಡಿಗೆ ಕಾರು ಹತ್ತಿದೆವು.

ಕಾರು ಇಪ್ಪತ್ತು ನಿಮಿಷ ಓಡಿತು, ಮೂವತ್ತು ನಿಮಿಷ ನಿಂತಿತು. ನಾನು ಮೊಬೈಲು ತೆಗೆದು ನೋಡಿದೆ, ನೋಡಬಾರದೆಂದುಕೊಂಡೇ. ಈ ದಿನದ ಸೂರ್ಯಾಸ್ತ ೬.೦೩. ವೇಳಾಪಟ್ಟಿಯಲ್ಲಿ ೬.೧೪. ಗಂಟೆ ಐದು ಐವತ್ತು.

ನನ್ನ ಚೀಲದಲ್ಲಿ ಎರಡು ಬಾಳೆಹಣ್ಣು, ಊರಿಂದ ತಂದ ಅವಲಕ್ಕಿಯ ಡಬ್ಬಿ ಇತ್ತು.

“ಅತ್ತೆ, ಇದನ್ನೇ ತಿಂದುಬಿಡಿ. ಹೋಟೆಲಿಗೆ ಹೋಗುವಾಗ ತಡ ಆಗ್ತದೋ ಏನೋ” ಎಂದು ಡಬ್ಬಿಯನ್ನು ಅವರ ಕೈಗಿಟ್ಟೆ.

“ಇಪ್ಪತ್ತನಾಲ್ಕು ನಿಮಿಷ ಉಂಟು ಮಾರಾಯ್ತಿ” ಎಂದರು ಮುಂದಿನ ಸೀಟಿನಿಂದ ಇವರು, ಹಾಳೆಯ ಮೇಲೆ ಬೆರಳಿಟ್ಟು. “ಅಮ್ಮ ಕೊನೇ ದಿನ ಬಿಸಿ ಊಟ ಮಾಡಲಿ. ನೀನು ಯಾಕೆ ಗಡಿಬಿಡಿ ಮಾಡುದು?”

“ಇನ್ನೇನ್ ಎರಡೇ ನಿಮಿಷ ಸಾರ್” ಎಂದ ಡ್ರೈವರು. ಅವನು ಐದೂಕಾಲಿನಿಂದ ಅದನ್ನೇ ಹೇಳುತ್ತಿದ್ದ.

ಅತ್ತೆ ಡಬ್ಬಿಯನ್ನು ನೋಡಿದರು, ನನ್ನ ಮುಖ ನೋಡಿದರು. ಡಬ್ಬಿ ವಾಪಸು ಕೊಟ್ಟರು. “ಅಲ್ಲಿ ಹೋಗಿಯೇ ಉಣ್ಣುವ” ಎಂದರು.

ಹೋಟೆಲಿನಲ್ಲಿ ಕೂರುವಾಗ ಆರು ದಾಟಿತ್ತು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆಯ ಪುರಾಣ ಹೇಳಿ ಮುಗಿಸುವಾಗ ಆರು ನಾಲ್ಕು. ಮೊಸರನ್ನ ಬರುವಾಗ ಆರು ಏಳು. ಬಿಸಿ ಅನ್ನ, ತಣ್ಣನೆ ಮೊಸರು, ಮೇಲೆ ದಾಳಿಂಬೆ ಕಾಳು ಕೂಡ ಹಾಕಿದ್ದರು. ಅತ್ತೆ ದಾಳಿಂಬೆ ನೋಡಿ ಸಣ್ಣಗೆ ನಕ್ಕರು. ಐದು ದಿನದಲ್ಲಿ ಅವರು ಹೋಟೆಲಿನ ತಟ್ಟೆ ನೋಡಿ ನಕ್ಕದ್ದು ಅದೇ ಮೊದಲು. ಬಲಗೈ ತಟ್ಟೆಗೆ ಹೋಯಿತು.

“ಅತ್ತೆ, ಬೇಡ” ಎಂದೆ. ಸ್ವರ ಜೋರಾಯಿತು. ಪಕ್ಕದ ಮೇಜಿನವರು ತಮ್ಮ ತಟ್ಟೆಗಳಲ್ಲೂ ಏನಾದರೂ ಬಿದ್ದಿದೆಯೋ ಎಂದು ನೋಡಿಕೊಂಡರು. “ಸೂರ್ಯ ಮುಳುಗಿ ಆಯ್ತು.”

ಇವರು ಹಾಳೆ ಬಿಡಿಸಿದರು. “ಎಲ್ಲಿ ಮುಳುಗಿದ್ದು? ಇನ್ನೂ ಏಳು ನಿಮಿಷ ಉಂಟು. ಕ್ಯಾಲೆಂಡರ್‌ನಲ್ಲಿ ಕೊಟ್ಟಿದ್ದಾರೆ.”

“ಅದು ನಮ್ಮ ಊರಿನ ಲೆಕ್ಕ. ಇಲ್ಲಿ ಹನ್ನೊಂದು ನಿಮಿಷ ಮುಂಚೆ ಮುಳುಗ್ತದೆ.”

“ಬೆಂಗಳೂರಿಗೆ ಬೇರೆ ಸೂರ್ಯ ಉಂಟಾ?”

ಒಂದು ಲೋಟವನ್ನು ವೇಣೂರು ಮಾಡಿದೆ, ಇನ್ನೊಂದನ್ನು ಬೆಂಗಳೂರು ಮಾಡಿದೆ, ಉಪ್ಪಿನ ಡಬ್ಬಿಯನ್ನು ಸೂರ್ಯ ಮಾಡಿದೆ. ಭೂಮಿಯನ್ನು ತಿರುಗಿಸಿದೆ. “ಅಮ್ಮನ ಪಾಠ ಸುರುವಾಯ್ತು” ಎಂದು ಮಗಳು ತಲೆ ಬಗ್ಗಿಸಿಕೊಂಡಳು. ಇವರು ಕೊನೆಯವರೆಗೂ ಉಪ್ಪಿನ ಡಬ್ಬಿಯನ್ನು ನಂಬಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದರು. ಅಲ್ಲಿ ಕಟ್ಟಡಗಳು ಮಾತ್ರ ಇದ್ದವು. ಬಂದು ಕೂತು, ಮಾಣಿಯನ್ನು ಕೇಳಿದರು. ಮಾಣಿ ತನ್ನ ಮೊಬೈಲು ನೋಡಿ, “ಆರು ಮೂರಕ್ಕೇ ಆಗೋಯ್ತು ಸಾರ್” ಎಂದ. ಕಟ್ಟಿಕೊಂಡ ಹೆಂಡತಿ ಹೇಳಿದ್ದು ಸುಳ್ಳು, ಮಾಣಿಯ ಮೊಬೈಲು ಹೇಳಿದ್ದು ಸತ್ಯ. ಇವರ ಮುಖ ಸಣ್ಣದಾಯಿತು.

ಅತ್ತೆ ಪಾಠವನ್ನು ಪೂರ್ತಿ ಕೇಳಿದ್ದರು. ಮೊದಲ ಸಲಕ್ಕೇ ಅರ್ಥ ಮಾಡಿಕೊಂಡರು. ನನ್ನ ಶಾಲೆಯಲ್ಲಿ ಹಾಗೆ ಅರ್ಥ ಮಾಡಿಕೊಳ್ಳುವವರು ಇಬ್ಬರೋ ಮೂವರೋ.

“ಹಾಗಾದರೆ ಈ ನಾಲ್ಕು ದಿನ?” ಎಂದರು.

ಇವರು ಹಾಳೆಯನ್ನು ಮಡಚತೊಡಗಿದರು.

“ನಿನಗೆ ಯಾವಾಗ ಗೊತ್ತಾಯ್ತು?”

ಈಗ ಎಂದು ಹೇಳಬಹುದಿತ್ತು. ಕಾರಿನಲ್ಲಿ ಎಂದಾದರೂ ಹೇಳಬಹುದಿತ್ತು, ಅದು ಅರ್ಧ ನಿಜ. ಅವರು ಡಬ್ಬಿ ವಾಪಸು ಕೊಡುವಾಗ ನನ್ನ ಮುಖ ನೋಡಿದ್ದು ನೆನಪಾಯಿತು.

“ಎರಡನೇ ದಿನ” ಎಂದೆ.

ಇವರು ನನ್ನ ಕಡೆ ತಿರುಗಿ ಬಾಯಿ ತೆರೆದರು. ಅತ್ತೆ ಎಡಗೈ ಎತ್ತಿದರು. ಇವರು ಬಾಯಿ ಮುಚ್ಚಿದರು. ಅತ್ತೆ ಎದ್ದು ಹೋಗಿ, ಮುಟ್ಟದ ಅನ್ನಕ್ಕೆ ಕೈ ತೊಳೆದುಕೊಂಡು ಬಂದರು. ತಟ್ಟೆಯನ್ನು ಮಗಳ ಕಡೆಗೆ ದೂಡಿ, “ನೀನು ಉಣ್ಣು, ದಾಳಿಂಬೆ ಉಂಟು” ಎಂದರು. ನಲವತ್ತೆಂಟು ವರ್ಷದ ನಿಯಮ ಹೋಗಿತ್ತು. ಅದನ್ನು ಹಾಳು ಮಾಡಿದ್ದು ಒಂದು ಕ್ಯಾಲೆಂಡರು ಎಂದು ಮೊದಲ ದಿನಕ್ಕೆ ಹೇಳಬಹುದು. ಆಮೇಲಿನ ಮೂರು ದಿನಕ್ಕೆ ನಾನೇ.

ಕಾರಂಜಿಗೆ ಹೋಗುವುದೋ ಬೇಡವೋ ಎಂದು ಇವರು ತೊದಲಿದರು. “ಅಮ್ಮನಿಗೆ ಆಗುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೂರುವ” ಎಂದರು. ಅಷ್ಟರಲ್ಲಿ ಅತ್ತೆ ಮೊಮ್ಮಗಳ ಕೈ ಹಿಡಿದು ರಸ್ತೆಗೆ ಇಳಿದಾಗಿತ್ತು. ನಾವಿಬ್ಬರು ಹಿಂದಿನಿಂದ ನಡೆದೆವು, ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಜೋಡಿಯ ಹಾಗೆ. ದಾರಿಯಲ್ಲಿ ಇವರು, “ಕ್ಯಾಲೆಂಡರ್‌ನವರು ಊರಿನ ಹೆಸರು ಸರಿಯಾಗಿ ಹಾಕಬೇಕು” ಎಂದರು. ಹಾಕಿದ್ದರು. ಮೇಲ್ಗಡೆಯೇ, ದಪ್ಪ ಅಕ್ಷರದಲ್ಲಿ.

ಕಲ್ಲಿನ ಮೆಟ್ಟಿಲಿನಲ್ಲಿ ಕೂತೆವು. ಅತ್ತೆ ಒಂದು ತುದಿ, ಪಕ್ಕದಲ್ಲಿ ನಾನು, ಆಚೆ ಮಗಳು, ಇವರು. ಏಳಕ್ಕೆ ದೀಪ ಆರಿತು, ಹಾಡು ಬಂತು, ನೀರು ಎದ್ದಿತು. ಕೆಂಪಾಯಿತು, ಹಸಿರಾಯಿತು, ಕವಲೊಡೆದು ಬಾಗಿತು, ಮತ್ತೆ ನೆಟ್ಟಗೆ ಎದ್ದಿತು. ನಿಜ ಹೇಳಬೇಕೆಂದರೆ ಅಂಥ ವಿಶೇಷವೇನೂ ಅಲ್ಲ. ಸ್ಪೀಕರು ಒಡೆದಿತ್ತು, ಎರಡು ಕೊಳವೆಗಳಲ್ಲಿ ನೀರೇ ಬರುತ್ತಿರಲಿಲ್ಲ. ಮಗಳು ಮಾತ್ರ ನಿಂತುಕೊಂಡೇ ನೋಡಿದಳು.

ಕತ್ತಲಿನಲ್ಲಿ ಇವರಿಗೆ ಧೈರ್ಯ ಬಂತು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: “ಬರುವ ವರ್ಷ ಮುಂಬೈಗೆ ಹೋಗುವ. ಅದು ಪಶ್ಚಿಮ ಅಲ್ವಾ? ಅಲ್ಲಿ ಸೂರ್ಯ ನಮಗಿಂತ ತಡವಾಗಿ ಮುಳುಗ್ತಾನೆ. ಐದು ನಿಮಿಷ ಲಾಭ.” ಪಾಠ ತಲೆಗೆ ಹೋಗಿತ್ತು. ಯಾವ ಪಾಠವೆಂಬುದು ಬೇರೆ ಮಾತು.

ನಾನು ಅತ್ತೆಯ ಕಡೆ ತಿರುಗಿದೆ. ಮೂರು ದಿನದಿಂದ ನುಂಗಿಕೊಂಡ ಮಾತು ಹೊರಗೆ ಬರಬೇಕಿತ್ತು.

“ತಪ್ಪಾಯ್ತು ಅತ್ತೆ. ಹೇಳಿದ್ರೆ ನೀವು ಊರಿಗೆ ಹೋಗುವ ಅಂತೀರಿ ಅಂತ ತಿಳಿದೆ. ಮಗಳ ರಜೆ ಹಾಳಾಗ್ತದೆ ಅಂತ.”

ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ. ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು. ಹಸಿದಿದ್ದರು, ನನಗೆ ಗೊತ್ತು. ಮಧ್ಯಾಹ್ನ ಎರಡು ಇಡ್ಲಿ ತಿಂದದ್ದಷ್ಟೆ.

“ನನ್ನ ಹತ್ತಿರ ಕೇಳಿದ್ಯಾ?” ಎಂದರು.

ಇಲ್ಲ, ಕೇಳಿರಲಿಲ್ಲ.

“ನೀನು ಹೇಳಿದ್ರೆ ನಾನು ಊರಲ್ಲಿ ಉಣ್ಣುವ ಹಾಗೆ ಐದೂವರೆಗೇ ಉಣ್ತಿದ್ದೆ. ಬುತ್ತಿ ಕಟ್ಟಿಕೊಂಡು ಎಲ್ಲಿಯಾದ್ರೂ ಮರದಡಿ ಕೂತು ಉಣ್ತಿದ್ದೆ. ಆಮೇಲೆ ರಾತ್ರಿ ಪೂರ್ತಿ ನಮ್ಮದೇ ಅಲ್ವಾ? ಇದನ್ನ ಮೊದಲನೇ ದಿನವೇ ನೋಡಬಹುದಿತ್ತು. ದೀಪದ ಪೇಟೆ ನೋಡಬಹುದಿತ್ತು.” ಸೆರಗನ್ನು ಹೆಗಲಿಗೆ ಎಳೆದುಕೊಂಡರು. “ನಾನು ನಿಯಮ ತಗೊಂಡದ್ದು ಬಾಯಿಗೆ. ಕಣ್ಣಿಗೆ ಅಲ್ಲ.”

ನನಗೆ ಬಹಳ ನಾಚಿಕೆಯಾಯಿತು. ಕಲ್ಯಾಣ ಮಂಟಪದ ಮೊದಲ ಸಾಲಿನಲ್ಲಿ ಕೂತು ಅವರು ನಮ್ಮ ಬಾಯಿ ನೋಡುತ್ತಿದ್ದಾರೆ ಎಂದು ನಾನು ಹದಿನಾಲ್ಕು ವರ್ಷದಿಂದ ತಿಳಿದಿದ್ದೆ. ಅಲ್ಲಿ ದೀಪವಿತ್ತು, ಹಾಡಿತ್ತು, ಸೀರೆ ಉಟ್ಟ ಹೆಂಗಸರಿದ್ದರು, ಮಕ್ಕಳು ಕುಣಿಯುತ್ತಿದ್ದರು. ಅವರು ನೋಡುತ್ತಿದ್ದದ್ದು ಅದನ್ನೇ ಇರಬೇಕು.

ಹಾಡು ನಿಂತಿತು. ನೀರು ಒಮ್ಮೆಲೇ ಕೆಳಗೆ ಬಿತ್ತು, ಬಿಳಿ ದೀಪಗಳು ಹತ್ತಿಕೊಂಡವು. ಜನ ಎದ್ದು ಬಟ್ಟೆ ಕೊಡವಿ ಹೊರಟರು. ಇವರು ಹಾಳೆ ನೋಡಿ, ಲಾಡ್ಜಿಗೆ ಹೋಗಿ ಲಗೇಜು ತೆಗೆಯಲು ನಮಗೆ ಐವತ್ತು ನಿಮಿಷ ಉಂಟು ಎಂದು ಘೋಷಿಸಿದರು. ಅತ್ತೆ ಕೂತಲ್ಲಿಂದ ಏಳಲಿಲ್ಲ.

“ಇನ್ನೊಮ್ಮೆ ಬಿಡುದಿಲ್ವಾ?” ಎಂದು ಕೇಳಿದರು.

“ಇಲ್ಲ ಅಜ್ಜಿ, ದಿನಕ್ಕೆ ಒಂದೇ ಸಲ” ಎಂದಳು ಮಗಳು.

“ನಾಳೆ ಉಂಟಾ?”

ನಾಳೆಯೂ ಉಂಟು, ದಿನಾ ಉಂಟು ಎಂದು ನಾನು ಹೇಳಿದೆ. ಅತ್ತೆ ತಲೆಯಾಡಿಸಿ, ನನ್ನ ಕೈ ಹಿಡಿದುಕೊಂಡು ಎದ್ದರು. ನಾಳೆ ಸಂಜೆ ಏಳು ಗಂಟೆಗೆ ನಾವು ವೇಣೂರಿನಲ್ಲಿರುತ್ತೇವೆ.